ಮದುವೆಗೆ ಧರ್ಮ ಬಿಡಬೇಕಾಗಿಲ್ಲ

ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ನನ್ನ ವಕೀಲಿ ಕಚೇರಿಗೆ ಬಂದಾಗ ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ: ಇಬ್ಬರಲ್ಲಿ ಯಾರು ಧರ್ಮ ಬದಲಿಸಬೇಕು? ಯಾರೂ ಬೇಡ. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಇದಕ್ಕೆ. ಹಿಂದೂ ಹುಡುಗಿ ಹಿಂದೂವಾಗಿಯೇ, ಮುಸ್ಲಿಂ ಹುಡುಗ ಮುಸ್ಲಿಮನಾಗಿಯೇ ಮದುವೆಯಾಗಬಹುದು. ಹೆಸರು ಬದಲಿಸಬೇಕಾಗಿಲ್ಲ. ಇಷ್ಟು ಹೇಳಿದ ಮೇಲೂ 'ಒಂದು ಸರ್ಟಿಫಿಕೇಟ್ ಮಾಡಿಸಿಬಿಟ್ರ ಛಲೋ ಅಲ್ರೀ ಸರ್?' ಎನ್ನುತ್ತಾರೆ. ಅಲ್ಲ! ಬರೀ ಮದುವೆಗಾಗಿ ಮಾಡಿಸಿದ ಮತಾಂತರದ ಕಾಗದ ಮುಂದೆ ಕೋರ್ಟಿನಲ್ಲಿ ನಿಮಗೇ ಉರುಳಾಗಬಹುದು.

ಹೆತ್ತವರ ಭಯವೂ ಇಲ್ಲೇ ಇರುತ್ತದೆ. ಹಾವೇರಿ ಕಡೆಯ ಒಬ್ಬ ತಂದೆ ತುಂಬ ಹೊತ್ತು ಸುಮ್ನೆ ಕೂತಿದ್ದು ಕೊನೆಗೆ ಕೇಳಿದರು: 'ವಕೀಲರ, ಗೌರಿ ಹುಣ್ಣಿಮಿಗೆ ಮಗಳು ಸಕ್ಕರಿ ಆರತಿ ಬೆಳಗಾಕ ಬರತಾಳೇನ್ರಿ?' ಎರಡು ದಿನ ಬಿಟ್ಟು ಹುಡುಗನ ತಾಯಿ ಬಂದರು. 'ರಂಜಾನ್ ಹಬ್ಬಕ್ಕ ಮಗ ಮನಿಗೆ ಬರತಾನಲ್ರೀ?' ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ನೀವು ಬಾಗಿಲು ತೆರೆದಿಟ್ಟರೆ ಬರುತ್ತಾರೆ, ಕಾನೂನು ತಡೆಯುವುದಿಲ್ಲ. ಮಕ್ಕಳು ಕೈ ತಪ್ಪಿ ಹೋಗುತ್ತಾರೆ ಎಂಬ ಹೆದರಿಕೆ ಕಡಿಮೆಯಾದ ಮೇಲೆ ಆ ಎರಡು ಮನೆಯವರು ಒಂದೇ ಬೆಂಚಿನ ಮೇಲೆ ಕೂತು ಮಾತಾಡಿದರು. ಹುಬ್ಬಳ್ಳಿಯಂಥ ಊರಿನಲ್ಲಿ ಗಲಾಟೆಯ ದಿನಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಒಂದು ಮದುವೆಯಿಂದ ಊರಿನ ಜಗಳ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ, ಆ ಭಾರವನ್ನು ಮಕ್ಕಳ ಹೆಗಲಿಗೆ ಹಾಕಲೂಬಾರದು. ಆದರೆ ಬೀಗರಾದವರು ಇನ್ನೊಂದು ಕೇರಿಯ ಬಗ್ಗೆ ಕೇಳಿದ್ದನ್ನೆಲ್ಲ ನಂಬುವುದಿಲ್ಲ, ಇದನ್ನು ನೋಡಿದ್ದೇನೆ. ಶಿಶುನಾಳ ದೂರವೇನಿಲ್ಲ. ಷರೀಫರ ಗದ್ದುಗೆಗೆ ಎರಡೂ ಕಡೆಯವರು ಇಂದಿಗೂ ನಡೆದುಕೊಳ್ಳುತ್ತಾರೆ.

ಆಸ್ತಿಯ ವಿಷಯಕ್ಕೆ ಬರೋಣ. ಅವಿಭಕ್ತ ಕುಟುಂಬದ ಹಿಂದೂ ಒಬ್ಬರು ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ, ಕುಟುಂಬದಿಂದ ಬೇರೆಯಾದಂತೆ ಕಾನೂನು ಎಣಿಸುತ್ತದೆ. ಹಾಗೆಂದು ಅವರ ಪಾಲು ಹೋಗುವುದಿಲ್ಲ. ಹೀಗೆ ಮದುವೆಯಾದವರು ಉಯಿಲಿಲ್ಲದೆ ತೀರಿಕೊಂಡರೆ ಅವರ ಆಸ್ತಿ ಹಂಚಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಇದು ಸಾಮಾನ್ಯ ಮಾತು, ನಿಮ್ಮ ಮನೆಯ ಕಾಗದಪತ್ರ ನೋಡದೆ ಹೆಚ್ಚು ಹೇಳಲಾರೆ.

ಮದುವೆಗೆ ಮೊದಲು ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮೊದಲು 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಆಮೇಲೆ ಆಕ್ಷೇಪಣೆಗೆ 30 ದಿನ. ವಯಸ್ಸು, ಈಗಾಗಲೇ ಇರುವ ಮದುವೆ, ನಿಷಿದ್ಧ ಸಂಬಂಧ (ಮದುವೆಯಾಗಬಾರದಷ್ಟು ಹತ್ತಿರದ ನೆಂಟಸ್ತಿಕೆ), ಮಾನಸಿಕ ಅಸಮರ್ಥತೆಯಂಥ ಕಾರಣಗಳಿಗಷ್ಟೇ ಆಕ್ಷೇಪಿಸಬಹುದು. ಧರ್ಮ ಬೇರೆ ಎಂಬುದು ಆಕ್ಷೇಪಣೆಯೇ ಅಲ್ಲ. ನೋಟಿಸು ಆ ಅಧಿಕಾರಿಯ ಕಚೇರಿ ಗೋಡೆಗೆ ಬಿದ್ದ ಮೇಲೆ ಬೆದರಿಕೆ ಬಂದರೆ ಮುಚ್ಚಿಡಬೇಡಿ. ಇಂಥ ಜೋಡಿಗಳಿಗೆ ಪೊಲೀಸ್ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಜೀವಕ್ಕೆ ಅಪಾಯವಿಲ್ಲ ಎಂದಾದರೆ, ಆ 30 ದಿನ ಮನೆಯವರ ಜೊತೆ ಮಾತಾಡಿ. ಮೂವರು ಸಾಕ್ಷಿಗಳು ಬೇಕು. ಮೂವರೂ ಗೆಳೆಯರೇ ಆಗಬೇಕಿಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಸಹಿ ಹಾಕಲು ಒಪ್ಪುತ್ತಾರಾ ಕೇಳಿ ನೋಡಿ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಹೊಸ ನೋಟಿಸು ಕೊಡಬೇಕಾಗುತ್ತದೆ. ಅಷ್ಟರಲ್ಲಿ ಒಬ್ಬ ಸೋದರಮಾವನಾದರೂ ಮನಸ್ಸು ಬದಲಿಸಬಹುದು.