ಟೂಲ್‌ಬಾಕ್ಸ್ ಟಾಕ್: ಪೆಟ್ಟಿಗೆಯ ಬಗ್ಗೆಯಲ್ಲ, ಭಾಷಣವೂ ಅಲ್ಲ

ಮೈಕು, ಬ್ಯಾನರು, ಸಾಲಾಗಿ ನಿಲ್ಲಿಸಿದ ನೂರಾರು ಜನ. ಫೋಟೊದ ಕೆಳಗೆ ‘ಇಂದಿನ ಟೂಲ್‌ಬಾಕ್ಸ್ ಟಾಕ್’ ಎಂಬ ಒಕ್ಕಣೆ. ಇಂಥದ್ದು ಮತ್ತೆ ಕಣ್ಣಿಗೆ ಬಿತ್ತು. ಅದನ್ನು ಸಭೆ ಅನ್ನಿ, ಸಮಾರಂಭ ಅನ್ನಿ, ತಕರಾರಿಲ್ಲ. ಟೂಲ್‌ಬಾಕ್ಸ್ ಟಾಕ್ ಅನ್ನಬೇಡಿ.

ಹೆಸರಿನಲ್ಲೇ ಎಡವುವವರು ಬಹಳ. ಉಪಕರಣಗಳ ಕುರಿತ ಮಾತು ಎಂದುಕೊಂಡು ವಾರವಿಡೀ ಸ್ಪ್ಯಾನರು, ಗ್ರೈಂಡರುಗಳ ಪಾಠ ಮಾಡುವವರಿದ್ದಾರೆ. ಇಲ್ಲಿ ಪೆಟ್ಟಿಗೆ ವಿಷಯವಲ್ಲ, ಜಾಗ. ಕೆಲಸಕ್ಕೆ ಕೈಹಚ್ಚುವ ಮುಂಚೆ ಗ್ಯಾಂಗಿನವರು ಸಲಕರಣೆ ಎತ್ತಿಕೊಳ್ಳಲು ಸೇರುವ ಕಡೆ, ನಿಂತ ನಿಲುವಿನಲ್ಲೇ ಕೆಲಸದ ಸುರಕ್ಷತೆಯ ಬಗ್ಗೆ ಐದು-ಹತ್ತು ನಿಮಿಷ ಆಡುವ ಮಾತು ಅದು. ಅದನ್ನು ಕಾನ್ಫರೆನ್ಸ್ ಹಾಲಿಗೆ ಎಳೆದೊಯ್ದರೆ ಅರ್ಧ ಅರ್ಥ ಅಲ್ಲಿಗೇ ಮುಗಿಯಿತು. ಉಳಿದರ್ಧವನ್ನು ‘ಭಾಷಣ’ ಎಂಬ ಅನುವಾದ ಕೊಲ್ಲುತ್ತದೆ. ಟಾಕ್ ಎಂದರೆ ಇಲ್ಲಿ ಮಾತುಕತೆ. ಸೂಪರ್‌ವೈಸರ್ ಒಬ್ಬರೇ ಮಾತಾಡಿ ಮುಗಿಸಿದರೆ ಅದು ಆಗಿಲ್ಲ ಎಂದೇ ಲೆಕ್ಕ.

ಸೈಟಿನ ಬಾಯಲ್ಲಿ ಇದು ‘ಟಿಬಿಟಿ’. ‘ಟಿಬಿಟಿ ಆಯ್ತಾ?’ ಎಂಬುದಕ್ಕೆ ಈಗೀಗ ‘ರಿಜಿಸ್ಟರಿಗೆ ಎಲ್ಲರ ಸಹಿ ಬಿತ್ತಾ?’ ಎಂಬರ್ಥವೇ ಗಟ್ಟಿಯಾಗಿಬಿಟ್ಟಿದೆ.

ನಿಜವಾದ ಟಿಬಿಟಿ ಆ ದಿನದ, ಆ ಜಾಗದ, ಆ ಕೆಲಸದ ಬಗ್ಗೆ ಇರುತ್ತದೆ. ‘ಎಲ್ಲರೂ ಹುಷಾರಾಗಿರಿ, ಹೆಲ್ಮೆಟ್ ಹಾಕ್ಕೊಳ್ಳಿ’ ಎಂಬುದನ್ನು ಯಾವ ಸೈಟಿನಲ್ಲೂ ಯಾವ ದಿನವೂ ಹೇಳಬಹುದು; ಅದಕ್ಕೇ ಅದು ಯಾರ ಕಿವಿಗೂ ಇಳಿಯುವುದಿಲ್ಲ. ಪೈಪ್ ಹಾಕಲು ಆಳದ ಗುಂಡಿಗೆ ಇಳಿಯಬೇಕು ಅಂತಿಟ್ಟುಕೊಳ್ಳಿ. ಸೂಪರ್‌ವೈಸರ್ ಕೇಳುತ್ತಾರೆ, ಹೆಲ್ಪರ್ ಒಬ್ಬ ಉತ್ತರಿಸುತ್ತಾನೆ.

‘ರಾತ್ರಿ ಮಳೆ ಬಂದಿದೆ. ಗುಂಡಿಯ ಗೋಡೆ ಯಾರು ನೋಡಿದಿರಿ?’

‘ಆ ಮೂಲೆಲಿ ಬಿರುಕು ಬಿಟ್ಟಿದೆ ಅಣ್ಣಾ. ತೆಗೆದ ಮಣ್ಣೂ ಅಂಚಲ್ಲೇ ಬಿದ್ದಿದೆ.’

‘ಹಂಗಾದ್ರೆ ಮೊದಲು ಮಣ್ಣು ಹಿಂದಕ್ಕೆ ಎಳೀರಿ. ಗೋಡೆಗೆ ಆಸರೆ ಕೊಟ್ಟು, ಏಣಿ ಇಡೋವರೆಗೂ ಯಾರೂ ಇಳಿಯೋ ಹಾಗಿಲ್ಲ.’

ಟಿಬಿಟಿ ಅಂದರೆ ಇಷ್ಟೇ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಕುಸಿದ ಮಣ್ಣು ಎದೆಮಟ್ಟ ಬಿಗಿದರೆ ತಲೆ ಹೊರಗಿದ್ದರೂ ಉಸಿರಾಡಲಾಗುವುದಿಲ್ಲ. ಬಿರುಕಿನ ಸುದ್ದಿ ಹೇಳಿದವನು ಹೆಲ್ಪರ್ ಎಂಬುದನ್ನೂ ಗಮನಿಸಿ. ಅವನು ಬಾಯಿ ಬಿಡದಿದ್ದರೆ ಪಟ್ಟಿಯಲ್ಲಿ ಇಪ್ಪತ್ತು ಸಹಿ ಇದ್ದೂ ಪ್ರಯೋಜನವಿರಲಿಲ್ಲ.

ಜಪಾನಿನ ಕಾರ್ಖಾನೆಗಳಲ್ಲಿ 1970ರ ದಶಕದಿಂದ ಬೆಳೆದ ‘ಕಿಕೆನ್ ಯೋಚಿ’ ಪದ್ಧತಿ ನನಗೆ ಇಷ್ಟ. ಹೆಸರಿನ ಅರ್ಥ, ಅಪಾಯವನ್ನು ಮುಂಗಾಣುವುದು. ಗುಂಪು ನಾಲ್ಕು ಪ್ರಶ್ನೆ ಹಾಕಿಕೊಳ್ಳುತ್ತದೆ: ಇಲ್ಲಿ ಏನೇನು ಅಪಾಯ ಅಡಗಿದೆ, ಅದರಲ್ಲಿ ಮುಖ್ಯವಾದದ್ದು ಯಾವುದು, ಏನು ಮಾಡಬಹುದು, ನಾವು ಏನು ಮಾಡುತ್ತೇವೆ. ಕೊನೆಗೆ ಬೆರಳು ತೋರಿಸಿ, ನಿರ್ಧಾರವನ್ನು ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ. ನೋಡುವವರಿಗೆ ನಗು ಬರಬಹುದು. ಆದರೆ ಉಪದೇಶದಿಂದಲ್ಲ, ಪ್ರಶ್ನೆಯಿಂದ ಶುರುವಾಗುತ್ತದಲ್ಲ, ಅದು ಮುಖ್ಯ.

ಹೊಸಬರಿಗೆ ಕೊಡುವ ಇಂಡಕ್ಷನ್, ತರಬೇತಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 2003ರಿಂದ ಏಪ್ರಿಲ್ 28ರಂದು ಆಚರಿಸುತ್ತಿರುವ ಕೆಲಸದ ಸುರಕ್ಷತೆಯ ದಿನ, ಇವೆಲ್ಲ ಬೇರೆ, ಬೇಕಾದವೇ. ಟಿಬಿಟಿಗೆ ಮಾತ್ರ ಒಂದು ದಿನದ ಆಯಸ್ಸೂ ಗ್ಯಾರಂಟಿಯಿಲ್ಲ. ಮಧ್ಯಾಹ್ನ ಮಳೆ ಹಿಡಿದರೆ, ಕ್ರೇನ್ ಬದಲಾದರೆ, ಬೇರೆ ಗ್ಯಾಂಗಿನ ಇಬ್ಬರು ಬಂದು ಸೇರಿಕೊಂಡರೆ ಬೆಳಗಿನದು ಹಳತಾಯಿತು. ಮತ್ತೆ ಸೇರಬೇಕು, ಮತ್ತೆ ಕೇಳಬೇಕು.