ಬ್ರಿಟನ್ನಿನ 400 ಮೀಟರ್ ಓಟ: ಎರಡು ದೊಡ್ಡ ಹೆಸರುಗಳು, ಅವುಗಳ ಹಿಂದಿನ ತೆರಪು

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರ ಆಗಸ್ಟ್ 7ರಂದು, ಬ್ರಿಟನ್ನಿನ ಮ್ಯಾಥ್ಯೂ ಹಡ್ಸನ್-ಸ್ಮಿತ್ 400 ಮೀಟರನ್ನು 43.44 ಸೆಕೆಂಡ್‌ಗಳಲ್ಲಿ ಓಡಿದರು. ಅದು ಯುರೋಪಿನ ಹೊಸ ದಾಖಲೆ. 1996ರ ಅಟ್ಲಾಂಟಾ ಫೈನಲ್‌ನಲ್ಲಿ ಮೈಕೆಲ್ ಜಾನ್ಸನ್ ಚಿನ್ನ ಗೆದ್ದ ಸಮಯ 43.49. ಅದಕ್ಕಿಂತ ವೇಗವಾಗಿ ಓಡಿದರೂ ಹಡ್ಸನ್-ಸ್ಮಿತ್‌ಗೆ ದಕ್ಕಿದ್ದು ಬೆಳ್ಳಿ. ಅಮೆರಿಕದ ಕ್ವಿನ್ಸಿ ಹಾಲ್ 43.40ರಲ್ಲಿ ಗುರಿ ಮುಟ್ಟಿದ್ದರು. ಆ ಫೈನಲ್‌ನಲ್ಲಿ ಐದು ಮಂದಿ 44 ಸೆಕೆಂಡ್‌ನೊಳಗೆ ಓಡಿದ್ದಾರೆ. ಐದನೆಯವರಾದ ಗ್ರೆನಡಾದ ಕಿರಾನಿ ಜೇಮ್ಸ್ ಅವರದು 43.87.

0.04 ಸೆಕೆಂಡ್ ಅಂದರೆ ಎಷ್ಟು ದೂರ? ಕೊನೆಯ ಹತ್ತಾರು ಮೀಟರ್‌ಗಳಲ್ಲಿ ಈ ಮಟ್ಟದ ಓಟಗಾರನ ವೇಗ ಸೆಕೆಂಡಿಗೆ ಎಂಟು ಮೀಟರ್‌ಗಿಂತ ತುಸು ಹೆಚ್ಚು. ಲೆಕ್ಕ ಹಾಕಿದರೆ ಸುಮಾರು 33 ಸೆಂಟಿಮೀಟರ್, ಒಂದು ಅಡಿಗೆ ಸ್ವಲ್ಪ ಮೇಲೆ. ನೇರ ಹಾದಿಗೆ ಬಂದಾಗ ಮುಂದಿದ್ದವರು ಹಡ್ಸನ್-ಸ್ಮಿತ್. ಹಾಲ್ ಹಿಂದಿನಿಂದ ಬಂದು ಕೊನೆಯ ಕೆಲವೇ ಹೆಜ್ಜೆಗಳಲ್ಲಿ ದಾಟಿದರು. ಟಿವಿಯಲ್ಲಿ ನೋಡುವವರಿಗೆ ಹಾಲ್ ಕೊನೆಗೆ ವೇಗ ಹೆಚ್ಚಿಸಿದಂತೆ ಕಾಣುತ್ತದೆ. ಆದರೆ 400 ಮೀಟರ್‌ನ ಕೊನೆಯಲ್ಲಿ ಯಾರ ವೇಗವೂ ಹೆಚ್ಚುವುದಿಲ್ಲ. ಎಲ್ಲರ ವೇಗವೂ ಇಳಿಯುತ್ತಿರುತ್ತದೆ, ಕಡಿಮೆ ಇಳಿದವರು ಗೆಲ್ಲುತ್ತಾರೆ.

44.00 ಸೆಕೆಂಡ್‌ನ ಒಂದು ಓಟವನ್ನು ನೂರು ನೂರು ಮೀಟರಾಗಿ ಬಿಡಿಸಿದರೆ ಇದು ಸ್ಪಷ್ಟವಾಗುತ್ತದೆ. ಓಟ ಶುರುಮಾಡುವಾಗ ಕಾಲೂರುವ ಬ್ಲಾಕ್‌ನಿಂದ ಹೊರಟು ತಿರುವು ದಾಟುವ ಮೊದಲ ನೂರಕ್ಕೆ ಸುಮಾರು 11.0 ಸೆಕೆಂಡ್, ಹಿಂಬದಿಯ ನೇರ ಹಾದಿಯಲ್ಲಿ ಎರಡನೇ ನೂರಕ್ಕೆ 10.2, ಎರಡನೇ ತಿರುವಿಗೆ 10.8, ಕೊನೆಯ ನೂರಕ್ಕೆ 12.0. ಮೊದಲರ್ಧ 21.2, ಎರಡನೆಯದು 22.8. ಸ್ನಾಯುವಿನಲ್ಲಿ ಸಿದ್ಧವಾಗಿರುವ ಕ್ರಿಯೇಟಿನ್ ಫಾಸ್ಫೇಟ್ ಎಂಬ ತಕ್ಷಣದ ಇಂಧನ ಮೊದಲ ಕೆಲವು ಸೆಕೆಂಡ್‌ಗಳಲ್ಲೇ ಬಹುಪಾಲು ಖರ್ಚಾಗುತ್ತದೆ. ನಂತರ ಆಮ್ಲಜನಕವಿಲ್ಲದೆ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ) ಒಡೆಯುವ ದಾರಿಯ ಮೇಲೆ ಭಾರ ಬೀಳುತ್ತದೆ. ಸ್ನಾಯುವಿನಲ್ಲಿ ಆಮ್ಲೀಯತೆ ಏರಿ, ಸ್ನಾಯು ಹಿಡಿದು ಬಿಡುವ ವೇಗ ಕುಗ್ಗುತ್ತದೆ. 300 ಮೀಟರ್ ಹೊತ್ತಿಗೆ ಇದು ಮೈಯಲ್ಲೇ ಕಾಣಿಸತೊಡಗುತ್ತದೆ: ಭುಜ ಕಿವಿಯ ಕಡೆ ಏರುತ್ತದೆ, ಗದ್ದ ಮೇಲೇಳುತ್ತದೆ, ಸೊಂಟ ಕುಸಿಯುತ್ತದೆ, ಪಾದ ದೇಹದ ಕೆಳಗೆ ಬೀಳುವ ಬದಲು ಮುಂದೆ ಹೋಗಿ ಬೀಳುತ್ತದೆ. ಹಾಗೆ ಮುಂದೆ ಬಿದ್ದ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆಯೇ.

ಮೊದಲ 200 ಮೀಟರ್ ಎಷ್ಟು ವೇಗವಾಗಿರಬೇಕು ಎಂಬುದಕ್ಕೆ ತರಬೇತುದಾರರಲ್ಲಿ ಒಂದು ಅಂದಾಜಿದೆ. ಓಟಗಾರನ 200 ಮೀಟರ್‌ನ ಅತ್ಯುತ್ತಮ ಸಮಯಕ್ಕೆ ಮುಕ್ಕಾಲರಿಂದ ಒಂದು ಸೆಕೆಂಡ್ ಸೇರಿಸಬೇಕು. 20.6 ಓಡುವವರು 21.4ರ ಆಸುಪಾಸಿನಲ್ಲಿ ಅರ್ಧ ದಾರಿ ಮುಟ್ಟಿದರೆ ಕೊನೆಗೆ ಕೈಯಲ್ಲಿ ಏನಾದರೂ ಉಳಿದಿರುತ್ತದೆ. 20.9ಕ್ಕೆ ಮುಟ್ಟಿದರೆ 320 ಮೀಟರ್ ಬಳಿ ಕಾಲು ಕಟ್ಟಿಹೋಗುತ್ತದೆ, ಅರ್ಧದಲ್ಲಿ ಉಳಿಸಿದ ಅರ್ಧ ಸೆಕೆಂಡಿಗೆ ಕೊನೆಯಲ್ಲಿ ಒಂದೂವರೆ ತೆರಬೇಕಾಗುತ್ತದೆ. 200 ಮೀಟರ್ ವೇಗವೇ ಇಲ್ಲದವರಿಗೆ ಈ ಲೆಕ್ಕದಿಂದ ಲಾಭವಿಲ್ಲ. ಈಗಿನ ಬ್ರಿಟಿಷ್ ಪುರುಷರ ಏಳಿಗೆಯ ಗುಟ್ಟು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಚಾರ್ಲಿ ಡಾಬ್ಸನ್ 2018ರ ಜೂನಿಯರ್ ವಿಶ್ವ ಕೂಟದಲ್ಲಿ ಬೆಳ್ಳಿ ಗೆದ್ದದ್ದು 200 ಮೀಟರ್‌ನಲ್ಲಿ. ಆ ವೇಗವನ್ನು ಕಾಯ್ದುಕೊಂಡೇ ಅವರು ಮೇಲಿನ ದೂರಕ್ಕೆ ಬಂದರು. 2024ರ ಲಂಡನ್ ಡೈಮಂಡ್ ಲೀಗ್‌ನಲ್ಲಿ ಹಡ್ಸನ್-ಸ್ಮಿತ್ 43.74 ಓಡಿ ಗೆದ್ದಾಗ ಡಾಬ್ಸನ್ 44.23ಕ್ಕೆ ಬಂದರು, ಮರುವರ್ಷ ಅದೇ ಲಂಡನ್‌ನಲ್ಲಿ 44.14ಕ್ಕೆ ಇಳಿಸಿ ತಾವೇ ಗೆದ್ದರು.

ಬ್ರಿಟನ್ನಿಗೆ ಈ ಓಟದಲ್ಲಿ ಹಳೆಯ ಮನೆತನವಿದೆ. 1924ರಲ್ಲಿ ಇದೇ ಪ್ಯಾರಿಸ್‌ನಲ್ಲಿ ಎರಿಕ್ ಲಿಡೆಲ್ 47.6ಕ್ಕೆ ಚಿನ್ನ ಗೆದ್ದರು. ಆದರೆ ಈಗಿನ ಸ್ಥಿತಿಯನ್ನು ಹೋಲಿಸಬೇಕಾದದ್ದು ತೊಂಬತ್ತರ ದಶಕದ ಜೊತೆಗೆ. ಆಗಿನವರ ಅತ್ಯುತ್ತಮ ಸಮಯಗಳು ಹೀಗಿವೆ: ಇವಾನ್ ಥಾಮಸ್ 44.36, ರೋಜರ್ ಬ್ಲ್ಯಾಕ್ 44.37, ಮಾರ್ಕ್ ರಿಚರ್ಡ್‌ಸನ್ 44.37, ಡೇವಿಡ್ ಗ್ರಿಂಡ್ಲಿ 44.47, ಜೇಮಿ ಬೋಲ್ಚ್ 44.57. ಇವರಿಗೆ ಮೊದಲೇ, 1987ರಲ್ಲಿ, ಡೆರೆಕ್ ರೆಡ್ಮಂಡ್ 44.50 ಓಡಿದ್ದರು. ಇವರಲ್ಲಿ ಯಾರೂ 44.30 ಮುಟ್ಟಲಿಲ್ಲ, ಆದರೆ ಯಾರು ಗಾಯಗೊಂಡರೂ ಅವರ ಜಾಗಕ್ಕೆ ಬರುವ ಇನ್ನೊಬ್ಬರು ಸರಿಸುಮಾರು ಅಷ್ಟೇ ವೇಗದವರು. 1991ರ ಟೋಕಿಯೊ ವಿಶ್ವ ಕೂಟದ ರಿಲೇಯಲ್ಲಿ ಬ್ಲ್ಯಾಕ್, ರೆಡ್ಮಂಡ್, ಜಾನ್ ರೆಜಿಸ್, ಕ್ರಿಸ್ ಅಕಬುಸಿ ಸೇರಿ ಅಮೆರಿಕವನ್ನು ಸೋಲಿಸಿದ್ದು ಆ ದಟ್ಟಣೆಯ ಬಲದಿಂದ.

ಥಾಮಸ್ ಅವರ 1997ರ ದಾಖಲೆ 25 ವರ್ಷ ಉಳಿಯಿತು. 2022ರಲ್ಲಿ ಹಡ್ಸನ್-ಸ್ಮಿತ್ ಅದನ್ನು ಒಂದೇ ಒಂದು ನೂರನೇ ಭಾಗದಷ್ಟು ಇಳಿಸಿ 44.35 ಮಾಡಿದರು. ಅದೇ ವರ್ಷ ಯೂಜೀನ್ ವಿಶ್ವ ಕೂಟದಲ್ಲಿ ಕಂಚು. 2023ರ ಬುಡಾಪೆಸ್ಟ್ ಸೆಮಿಫೈನಲ್‌ನಲ್ಲಿ 44.26 ಓಡಿ, ಪೂರ್ವ ಜರ್ಮನಿಯ ಥಾಮಸ್ ಶೋನ್ಲೆಬೆ 1987ರಲ್ಲಿ ಬರೆದಿದ್ದ 44.33ರ ಯುರೋಪ್ ದಾಖಲೆಯನ್ನು ಅಳಿಸಿದರು, ಫೈನಲ್‌ನಲ್ಲಿ ಬೆಳ್ಳಿ. 2024ರಲ್ಲಿ ಓಸ್ಲೊದಲ್ಲಿ 44.07, ಲಂಡನ್‌ನಲ್ಲಿ 43.74, ಪ್ಯಾರಿಸ್‌ನಲ್ಲಿ 43.44. ಎರಡು ವರ್ಷಗಳಲ್ಲಿ 0.91 ಸೆಕೆಂಡ್ ಇಳಿಕೆ. ಈ ಮಟ್ಟದಲ್ಲಿ ಇದು ಅಪರೂಪದ ಸಾಧನೆ. ವುಲ್ವರ್‌ಹ್ಯಾಂಪ್ಟನ್ ಹುಟ್ಟೂರು, ಕ್ಲಬ್ ಬರ್ಮಿಂಗ್‌ಹ್ಯಾಮ್‌ನ ಬರ್ಚ್‌ಫೀಲ್ಡ್ ಹ್ಯಾರಿಯರ್ಸ್, ಅಭ್ಯಾಸ ಮಾತ್ರ ಅಮೆರಿಕದ ಫ್ಲಾರಿಡಾದಲ್ಲಿ.

ಚಳಿಗಾಲವಿಡೀ ಬಿಸಿಲಿರುವ ಊರಿನಲ್ಲಿ ಅಭ್ಯಾಸ ಮಾಡುವುದು ಶೋಕಿಯಲ್ಲ. 400 ಮೀಟರ್‌ನ ಮುಖ್ಯ ಅಭ್ಯಾಸವೆಂದರೆ ಪೂರ್ಣ ವೇಗದ ಹತ್ತಿರದಲ್ಲಿ, ಸ್ಪೈಕ್ಸ್ (ಮೊಳೆ ಬೂಟು) ಹಾಕಿಕೊಂಡು, ದೀರ್ಘ ವಿಶ್ರಾಂತಿ ಕೊಟ್ಟು ಓಡುವ ಕೆಲವೇ ಓಟಗಳು. ಉದಾಹರಣೆಗೆ 45 ಸೆಕೆಂಡ್ ಮಟ್ಟದವರಿಗೆ 33.5ರಿಂದ 34 ಸೆಕೆಂಡ್‌ನಲ್ಲಿ ಎರಡು 300 ಮೀಟರ್, ನಡುವೆ 15-20 ನಿಮಿಷ ಬಿಡುವು. ಇಲ್ಲವೇ 200 ಮೀಟರ್ ಓಡಿ, ಕೇವಲ 30 ಸೆಕೆಂಡ್ ನಿಂತು, ಮತ್ತೆ 200. ಎರಡೂ ಸಮಯ ಕೂಡಿಸಿದರೆ ಆ ಹೊತ್ತಿಗೆ ಓಟಗಾರ 400 ಮೀಟರಿಗೆ ಎಷ್ಟು ಸಿದ್ಧನಿದ್ದಾನೆಂದು ಅಂದಾಜು ಸಿಗುತ್ತದೆ. ನಾಲ್ಕೈದು ಡಿಗ್ರಿ ಚಳಿಯಲ್ಲಿ, ಎದುರುಗಾಳಿಗೆ, 20 ನಿಮಿಷ ಬಿಡುವು ಕೊಟ್ಟರೆ ಸ್ನಾಯು ತಣ್ಣಗಾಗುತ್ತದೆ, ಎರಡನೇ ಓಟದಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಹರಿಯುವ ಅಪಾಯ ಹೆಚ್ಚುತ್ತದೆ. ಹಾಗೆಂದು ಬಿಡುವು ಮೊಟಕು ಮಾಡಿದರೆ ವೇಗ ಬಿದ್ದು, ಅಭ್ಯಾಸದ ಉದ್ದೇಶವೇ ತಪ್ಪುತ್ತದೆ. ಒಳಾಂಗಣದ 200 ಮೀಟರ್ ಟ್ರ್ಯಾಕ್ ಒಂದು ದಾರಿ. ಆದರೆ ಅಲ್ಲಿ ತಿರುವಿನ ತ್ರಿಜ್ಯ ಹೊರಗಿನ ಟ್ರ್ಯಾಕ್‌ನ ಅರ್ಧಕ್ಕೂ ಕಡಿಮೆ, ಒಂದು 400ಕ್ಕೆ ನಾಲ್ಕು ತಿರುವು. ಎತ್ತರದ, ಭಾರದ ಓಟಗಾರರ ಎಡಗಾಲಿನ ಹಿಮ್ಮಡಿ ಸ್ನಾಯುರಜ್ಜು ಇದರಲ್ಲಿ ಬೇಗ ನೋಯುತ್ತದೆ. ಆ ನೋವು ಒಮ್ಮೆ ಹತ್ತಿತೆಂದರೆ ತಿಂಗಳುಗಟ್ಟಲೆ ಸ್ಪೈಕ್ಸ್ ಮುಟ್ಟುವಂತಿಲ್ಲ.

ಮಹಿಳೆಯರಲ್ಲಿ ಚಿತ್ರ ಬೇರೆ. ಕ್ರಿಸ್ಟೀನ್ ಒಹುರೊಗು 2007ರಲ್ಲಿ ಒಸಾಕಾ ವಿಶ್ವ ಕೂಟ, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್, 2013ರಲ್ಲಿ ಮಾಸ್ಕೊ ವಿಶ್ವ ಕೂಟ ಗೆದ್ದವರು. ಮಾಸ್ಕೊದಲ್ಲಿ ಅವರೂ ಬೋಟ್ಸ್ವಾನಾದ ಅಮಾಂಟಲ್ ಮೊಂಟ್ಶೊ ಅವರೂ ಒಂದೇ 49.41, ಸಾವಿರದ ನಾಲ್ಕು ಭಾಗದ ಅಂತರವನ್ನು ಫೋಟೊ ಫಿನಿಶ್‌ನಿಂದ ಅಳೆಯಬೇಕಾಯಿತು. ಮೊದಲರ್ಧ ತಾಳ್ಮೆಯಿಂದ ಓಡಿ, ಕೊನೆಯ 80 ಮೀಟರ್‌ನಲ್ಲಿ ಕಡಿಮೆ ಕುಸಿಯುವುದು ಅವರ ಕ್ರಮ. ಆ 49.41 ಹನ್ನೊಂದು ವರ್ಷ ನಿಂತಿತು. ಪ್ಯಾರಿಸ್ ಫೈನಲ್‌ನಲ್ಲಿ ಆಂಬರ್ ಆನಿಂಗ್ 49.29 ಓಡಿ ಐದನೆಯವರಾದರು, ಹೊಸ ರಾಷ್ಟ್ರೀಯ ದಾಖಲೆ. 2025ರ ಮಾರ್ಚ್‌ನಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ಒಳಾಂಗಣ ವಿಶ್ವ ಚಿನ್ನ, 50.60ಕ್ಕೆ. ಇವರು ಹದಗೊಂಡಿದ್ದು ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ. 2024ರ ಅಮೆರಿಕದ ಕಾಲೇಜು ಕೂಟದಲ್ಲಿ 400 ಮೀಟರ್‌ನ ಮೊದಲ ನಾಲ್ಕೂ ಸ್ಥಾನ ಆ ಒಂದೇ ವಿಶ್ವವಿದ್ಯಾಲಯದ ಪಾಲಾದವು. ಆನಿಂಗ್ ಅದರಲ್ಲಿ ಮೂರನೆಯವರು. ದಿನವೂ ತನಗಿಂತ ವೇಗದವರ ಜೊತೆ ಅಭ್ಯಾಸ ಮಾಡುವ ಇಂಥ ಅವಕಾಶ ಬ್ರಿಟನ್ನಿನ ಒಳಗೆ ಈಗ ಯಾವ 400 ಮೀಟರ್ ಓಟಗಾರ್ತಿಗೂ ಸಿಗುವುದು ಕಷ್ಟ.

ರಿಲೇ ನೋಡಿದರೆ ಎಲ್ಲವೂ ಸೊಗಸಾಗಿದೆ ಅನ್ನಿಸುತ್ತದೆ. ಪ್ಯಾರಿಸ್‌ನ ಮೂರೂ 4×400 ರಿಲೇಗಳಲ್ಲಿ ಬ್ರಿಟನ್ನಿಗೆ ಕಂಚು: ಪುರುಷರು 2:55.83, ಯುರೋಪ್ ದಾಖಲೆ, ಮಹಿಳೆಯರು 3:19.72, ಮಿಶ್ರ ತಂಡ 3:08.01. ಈ ಅಂಕಿಗಳನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಪುರುಷರ ಸಮಯವನ್ನು ನಾಲ್ಕರಿಂದ ಭಾಗಿಸಿದರೆ ತಲಾ 43.96. ಆದರೆ ಎರಡನೆಯವರಿಂದ ನಾಲ್ಕನೆಯವರವರೆಗೆ ಓಡುತ್ತಲೇ ಬ್ಯಾಟನ್ ಪಡೆಯುತ್ತಾರೆ. ಬ್ಲಾಕ್‌ನಿಂದ ಏಳುವ ವೆಚ್ಚವಿಲ್ಲ. ಅದಕ್ಕೆ ತಲಾ ಸುಮಾರು 0.7 ಸೆಕೆಂಡ್ ಹಿಡಿದರೆ ನಿಂತು ಹೊರಡುವ ಲೆಕ್ಕದಲ್ಲಿ ಸರಾಸರಿ 44.5. 1996ರಲ್ಲಿ ಅಟ್ಲಾಂಟಾದಲ್ಲಿ ಬೆಳ್ಳಿ ಗೆದ್ದ ಬ್ರಿಟಿಷ್ ತಂಡದ ಸಮಯ 2:56.60. ಅಂದರೆ 28 ವರ್ಷಗಳಲ್ಲಿ ತಂಡ ಸುಧಾರಿಸಿದ್ದು 0.77 ಸೆಕೆಂಡ್. ತಂಡದ ಅತಿವೇಗದ ಓಟಗಾರನೊಬ್ಬನೇ ಹಳೆಯ ದಾಖಲೆಗಿಂತ 0.92 ಮುಂದೆ ಹೋಗಿದ್ದರೂ ತಂಡದ ಒಟ್ಟು ಲಾಭ ಇಷ್ಟೇ. ಮೂರನೆಯ, ನಾಲ್ಕನೆಯ ಓಟಗಾರರು ತೊಂಬತ್ತರ ದಶಕದಲ್ಲಿದ್ದ ಜಾಗದಲ್ಲೇ ಇದ್ದಾರೆಂದು ಈ ಲೆಕ್ಕ ತೋರಿಸುತ್ತದೆ.

ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಓಟಗಳ ಎಣಿಕೆಗೆ. ಪ್ಯಾರಿಸ್‌ನಲ್ಲಿ ಆನಿಂಗ್ ಆಗಸ್ಟ್ 3ರಂದು ಮಿಶ್ರ ರಿಲೇ ಫೈನಲ್, 5ರಂದು ಹೀಟ್ (ಅರ್ಹತಾ ಓಟ), 7ರಂದು ಸೆಮಿಫೈನಲ್, 9ರಂದು ಫೈನಲ್, 10ರಂದು ಮಹಿಳಾ ರಿಲೇ ಓಡಿದರು. ಎಂಟು ದಿನಗಳಲ್ಲಿ ಐದು ಪೂರ್ಣ ಸುತ್ತು. ಇಂಥ ಓಟದಲ್ಲಿ ರಕ್ತದಲ್ಲಿ ಸೇರುವ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ತಗ್ಗುತ್ತದೆ ನಿಜ, ಆದರೆ ಸ್ನಾಯುವಿಗೆ ಆದ ಪೆಟ್ಟು, ನರಮಂಡಲದ ದಣಿವು 48 ಗಂಟೆಗೂ ಪೂರ್ತಿ ಹೋಗುವುದಿಲ್ಲ. ಆರು ಮಂದಿ ಸಮಬಲದವರಿದ್ದರೆ ಹೀಟ್‌ಗೆ ಬೇರೆಯವರನ್ನು ಇಳಿಸಿ ಮುಖ್ಯರಿಗೆ ಬಿಡುವು ಕೊಡಬಹುದು. ಇಬ್ಬರ ಮೇಲೇ ತಂಡ ನಿಂತಾಗ ಫೈನಲ್ ತಲುಪುವುದಕ್ಕೇ ಅವರು ಖರ್ಚಾಗುತ್ತಾರೆ. 2023ರ ಬುಡಾಪೆಸ್ಟ್ ಹೀಟ್ ನಮ್ಮವರಿಗೆ ನೆನಪಿದ್ದೀತು: ಭಾರತದ ಅನಸ್, ಅಮೋಜ್, ಅಜ್ಮಲ್, ರಾಜೇಶ್ 2:59.05ರ ಏಷ್ಯಾ ದಾಖಲೆಯೊಡನೆ ಅಮೆರಿಕದ ಬೆನ್ನಿಗೇ ಎರಡನೆಯವರಾದಾಗ ಬ್ರಿಟನ್ ಮೂರನೆಯದು. ಫೈನಲ್‌ನಲ್ಲಿ ಅದೇ ಬ್ರಿಟನ್ 2:58.71ಕ್ಕೆ ಕಂಚು ಗೆದ್ದಿತು.

ಬ್ಯಾಟನ್ ಬದಲಾವಣೆಯಲ್ಲೂ ಕಳೆದುಕೊಳ್ಳುವುದು ಬಹಳಷ್ಟಿದೆ. 4×400ರಲ್ಲಿ ಬದಲಾವಣೆಯ ವಲಯ 20 ಮೀಟರ್. ಬರುವವರು ದಣಿದಿರುತ್ತಾರೆ, ಆದ್ದರಿಂದ ಪಡೆಯುವವರು ಹಿಂದೆ ನೋಡುತ್ತಲೇ ಹೊರಡಬೇಕು. ಎಡಗೈಯಲ್ಲಿ ಪಡೆದು ಬಲಗೈಗೆ ದಾಟಿಸಿಕೊಳ್ಳುವುದು ರೂಢಿ. ಬೇಗ ಹೊರಟರೆ ದಣಿದವರು ಮುಟ್ಟಲಾರರು, ತಡವಾಗಿ ಹೊರಟರೆ ನಿಂತು ಪಡೆದಂತಾಗಿ ಆ 0.7 ಸೆಕೆಂಡ್ ಲಾಭವೇ ಹೋಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಓಟಗಾರರು ಒಳಗಿನಿಂದ ಹೊರಗೆ ಯಾವ ಕ್ರಮದಲ್ಲಿ ನಿಲ್ಲಬೇಕೆಂಬುದು, ತಮ್ಮವರು 200 ಮೀಟರ್ ಗುರುತನ್ನು ಎಷ್ಟನೆಯವರಾಗಿ ದಾಟಿದರು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಆಮೇಲೆ ಜಾಗ ಬದಲಿಸಿದರೆ ತಂಡ ಅನರ್ಹ. ಲೇನ್‌ನ ಒಳಗೆರೆ ಮೆಟ್ಟುವ ತಪ್ಪು ಎಷ್ಟು ದುಬಾರಿ ಎಂಬುದನ್ನು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟ ತೋರಿಸಿತು. ಇಂಗ್ಲೆಂಡ್ ಮಹಿಳೆಯರು ಕೆನಡಾವನ್ನು ಕೂದಲೆಳೆಯಲ್ಲಿ ಸೋಲಿಸಿ ಸಂಭ್ರಮಿಸಿದ ಮೇಲೆ ಲೇನ್ ಉಲ್ಲಂಘನೆಗಾಗಿ ಚಿನ್ನ ಕಳೆದುಕೊಂಡರು.

2025ರ ಟೋಕಿಯೊ ವಿಶ್ವ ಕೂಟದಲ್ಲಿ ಈ ತೆರಪು ಬಯಲಾಯಿತು. ಪುರುಷರ 400 ಮೀಟರನ್ನು ಬೋಟ್ಸ್ವಾನಾದ ಕೊಲೆನ್ ಕೆಬಿನಾಟ್ಶಿಪಿ 43.53ಕ್ಕೆ ಗೆದ್ದರು, ಬ್ರಿಟನ್ನಿನ ಯಾರೂ ಪದಕದ ಹತ್ತಿರ ಬರಲಿಲ್ಲ. ಆನಿಂಗ್ ಮತ್ತೆ ಫೈನಲ್ ತಲುಪಿದರು, ಆದರೆ ಯಾವ ರಿಲೇಯಲ್ಲೂ ಪದಕವಿಲ್ಲ. ಒಂದೇ ವರ್ಷದಲ್ಲಿ ವ್ಯವಸ್ಥೆ ಹಾಳಾಯಿತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಮುಂದಿನ ಸಾಲು ತಯಾರಾಗಿಲ್ಲ ಎಂಬುದಷ್ಟೇ ಇದರ ಅರ್ಥ.

ಆ ಸಾಲಿಗೆ ಬರಬೇಕಾದವರು ಇದ್ದಾರೆ. 2022ರಲ್ಲಿ ಕೊಲಂಬಿಯಾದ ಕಾಲಿ ನಗರದ ಜೂನಿಯರ್ ವಿಶ್ವ ಕೂಟದಲ್ಲಿ ಬ್ರಿಟನ್ನಿನ ಯೆಮಿ ಮೇರಿ ಜಾನ್ 51.50ಕ್ಕೆ ಚಿನ್ನ ಗೆದ್ದರು. ಭಾರತದ ರೂಪಲ್ ಅಲ್ಲಿ 51.85ಕ್ಕೆ ಕಂಚು ಪಡೆದರು. ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ಅದೇ ಕೂಟದ ಮಿಶ್ರ ರಿಲೇಯಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದವರು. ಜೂನಿಯರ್ ಹಂತದ 51.5ರಿಂದ ಹಿರಿಯರ ಫೈನಲ್‌ಗೆ ಬೇಕಾದ 49.5ರವರೆಗಿನ ಎರಡು ಸೆಕೆಂಡ್‌ಗಳೇ ಈ ಓಟದಲ್ಲಿ ಅತಿ ಕಠಿಣ ದಾರಿ. ಅದಕ್ಕೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಹಿಡಿಯುತ್ತದೆ. ಮೊದಲು 200 ಮೀಟರ್ ವೇಗವನ್ನು 23 ಸೆಕೆಂಡ್‌ನ ಒಳಗೆ ತರಬೇಕು, ಆಮೇಲೆ 300 ಮೀಟರ್‌ವರೆಗೆ ಆ ವೇಗವನ್ನು ಹಿಡಿಯಬೇಕು, ಕೊನೆಯ ನೂರರ ಸಹಿಷ್ಣುತೆ ಅದರ ನಂತರದ ಕೆಲಸ. ಈ ಕ್ರಮವನ್ನು ತಿರುವುಮುರುವು ಮಾಡಿ, 18-19ರ ವಯಸ್ಸಿನಲ್ಲೇ ವಾರಕ್ಕೆ ಮೂರು ದಿನ ಲ್ಯಾಕ್ಟೇಟ್ ಅಭ್ಯಾಸ ಹೇರಿ, ರಿಲೇ ತಂಡ ತುಂಬಿಸಲು ಅವರನ್ನು ಬಳಸಿದರೆ, ಸಮಯ ಎರಡು ಋತು ಚೆನ್ನಾಗಿ ಇಳಿದು ಆಮೇಲೆ ಅಲ್ಲೇ ನಿಲ್ಲುತ್ತದೆ. ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟ, ಬರ್ಮಿಂಗ್‌ಹ್ಯಾಮ್ ಯುರೋಪಿಯನ್ ಕೂಟ ಎರಡನ್ನೂ 2026ರ ಒಂದೇ ಬೇಸಿಗೆಯಲ್ಲಿ ಇಟ್ಟುಕೊಂಡಿರುವ ದೇಶದಲ್ಲಿ ಆಯ್ಕೆಗಾರರಿಗೆ ಅಂಥ ಅವಸರ ಸಹಜ. ಆದರೂ ಹೀಟ್‌ಗಳಿಗೆ ಯಾರನ್ನು ಇಳಿಸುತ್ತಾರೆ, ಯಾರಿಗೆ ಬಿಡುವು ಕೊಡುತ್ತಾರೆ ಎಂಬ ಪಟ್ಟಿಯನ್ನು ಪದಕಗಳ ಪಟ್ಟಿಗಿಂತ ಹತ್ತಿರದಿಂದ ನೋಡುವುದು ಒಳ್ಳೆಯದು.