ಬಾಯಿ ಬಿಡದಿದ್ದರೂ ಕಾಗದ ಬಾಯಿ ಬಿಡುತ್ತೆ

ನೋಟಿಸ್ ಹಿಡಿದು ನಮ್ಮ ಆಫೀಸಿಗೆ ಬರುವ ವರದಿಗಾರರು ಮೊದಲು ಕೇಳೋದು ಇದನ್ನೇ: "ಸುದ್ದಿ ಕೊಟ್ಟವರ ಹೆಸರು ಹೇಳಲೇಬೇಕೇನ್ರಿ ವಕೀಲರ?"

ಪತ್ರಕರ್ತರಿಗೆ ರಕ್ಷಣೆ ಇದೆ ಅಂತ ಎಲ್ಲರೂ ನಂಬಿದ್ದಾರೆ. ಇದೆ, ಆದರೆ ಬಹಳ ಸಣ್ಣದು. ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಪ್ರೆಸ್ ಕೌನ್ಸಿಲ್‌ನ 1978ರ ಕಾಯ್ದೆಯ ಸೆಕ್ಷನ್ 15(2) ಪ್ರಕಾರ ಸುದ್ದಿಯ ಮೂಲ ಹೇಳಿ ಎಂದು ಒತ್ತಾಯಿಸುವಂತಿಲ್ಲ. ಅದು ಕೌನ್ಸಿಲ್ ಮುಂದೆ ಮಾತ್ರ. ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ ಅದು ಕೆಲಸಕ್ಕೆ ಬರಲ್ಲ. ಇದಕ್ಕಾಗಿ ಸಾಕ್ಷ್ಯ ಕಾಯ್ದೆ ತಿದ್ದಿ ಎಂದು ಕಾನೂನು ಆಯೋಗ 1983ರಲ್ಲೇ ತನ್ನ 93ನೇ ವರದಿಯಲ್ಲಿ ಹೇಳಿತ್ತು. 2023ರಲ್ಲಿ ಹೊಸ ಸಾಕ್ಷ್ಯ ಅಧಿನಿಯಮವೇ ಬಂತು. ವಕೀಲ ಮತ್ತು ಕಕ್ಷಿದಾರರ ಮಾತಿಗೆ ಅದರಲ್ಲಿ ರಕ್ಷಣೆ ಉಳಿಯಿತು, ಪತ್ರಕರ್ತರಿಗೆ ಸಿಗಲಿಲ್ಲ. ಫೋನಿಗೆ ನುಸುಳುವ ಪೆಗಾಸಸ್ ಎಂಬ ಬೇಹು ತಂತ್ರಾಂಶದ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇಕೇ ಬೇಕು ಎಂದಿದೆ. ವಾದ ಮಾಡುವಾಗ ನಾವು ಹಿಡಿದುಕೊಳ್ಳೋದು ಅದನ್ನೇ.

ಇಷ್ಟಾದರೂ ನನ್ನ ಅನುಭವದಲ್ಲಿ ಹೆಸರು ಹೊರಬೀಳೋದು ವರದಿಗಾರನ ಬಾಯಿಂದ ಅಲ್ಲ. ತನಿಖೆಯವರಿಗೂ ಹೆಸರಿಗಿಂತ ದಾಖಲೆ ಜಾಸ್ತಿ ಮುಖ್ಯ. 2022ರಲ್ಲಿ ಪಿಎಸ್‌ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್) ನೇಮಕಾತಿ ಹಗರಣ ನಮ್ಮ ಕಲಬುರಗಿಯನ್ನೇ ಸುತ್ತಿಕೊಂಡಾಗ, ಆ ಅಕ್ರಮದ ಮಾತುಕತೆಯ ಆಡಿಯೊ ಬಿಡುಗಡೆ ಮಾಡಿದ ಪ್ರಿಯಾಂಕ್ ಖರ್ಗೆ ಅವರಿಗೂ ಸಿಐಡಿ ನೋಟಿಸ್ ಕೊಟ್ಟು, ನಿಮ್ಮ ಬಳಿ ಇರುವುದನ್ನು ಕೊಡಿ ಎಂದಿತ್ತು. ಆಗ ಅವರು ಚಿತ್ತಾಪುರದ ಶಾಸಕರು. ಶಾಸಕರಿಗೇ ಹೀಗಾದರೆ ತಾಲ್ಲೂಕು ವರದಿಗಾರನ ಗತಿ ಏನು?

ಒಮ್ಮೆ ಒಬ್ಬರು ತೊಗರಿ ಬೆಳೆಹಾನಿ ಪರಿಹಾರದ ಟಿಪ್ಪಣಿ ಹಾಳೆಯ ಫೋಟೊ ತೋರಿಸಿದರು, ಪೇಪರಿನಲ್ಲಿ ಹಾಗೇ ಹಾಕೋಣ ಅಂತ. ಹಾಳೆಯಲ್ಲಿ ಕೇಸ್ ವರ್ಕರ್ ಸಹಿ ಇತ್ತು, ಅವರ ಮೇಲಿನ ಶಿರಸ್ತೇದಾರರ ಸಹಿ ಇನ್ನೂ ಬಿದ್ದಿರಲಿಲ್ಲ. ಅಂದ್ರೆ ಫೈಲು ಎರಡು ಟೇಬಲ್‌ಗಳ ನಡುವೆ ಇದ್ದಾಗಲೇ ಫೋಟೊ ತೆಗೆದಿದ್ದಾರೆ. ಅಷ್ಟು ಹೊತ್ತಿನಲ್ಲಿ ಅದನ್ನು ಮುಟ್ಟಿದವರು ಎಷ್ಟು ಮಂದಿ ಇರ್ತಾರೆ ಹೇಳಿ! ಮೂಲೆಯಲ್ಲಿ ಪೆನ್ಸಿಲ್ ಗೀಟು ಬೇರೆ, ಯಾವ ಪ್ರತಿ ಅಂತ ಗುರುತಿಸಲು ಅದೂ ಸಾಕು. ಕಂಪ್ಯೂಟರಿನಲ್ಲೇ ಓಡಾಡುವ ಇ-ಆಫೀಸ್ ಫೈಲಾದರೆ ಇಷ್ಟೂ ಬೇಡ, ಯಾರ ಲಾಗಿನ್‌ನಿಂದ ತೆರೆದಿದೆ ಅಂತ ಅದೇ ಬರೆದಿಟ್ಟುಕೊಳ್ಳುತ್ತೆ.

ಅಮೆರಿಕದಲ್ಲಿ 2017ರಲ್ಲಿ ಆಗಿದ್ದೂ ಇದೇ. ಸೋರಿದ ದಾಖಲೆ ನಿಜವೇ ಎಂದು ಕೇಳಲು ಸುದ್ದಿ ಜಾಲತಾಣದವರು ಅದರ ನಕಲನ್ನೇ ಸರ್ಕಾರಕ್ಕೆ ತೋರಿಸಿದರು. ಹಾಳೆ ಮಡಚಿದ ಗುರುತಿನಿಂದ ಅದು ಪ್ರಿಂಟ್ ತೆಗೆದದ್ದೆಂದು ಗೊತ್ತಾಯಿತು. ಪ್ರಿಂಟ್ ತೆಗೆದಿದ್ದವರು 6 ಮಂದಿ. ಅವರಲ್ಲಿ ಒಬ್ಬರಾದ ರಿಯಾಲಿಟಿ ವಿನ್ನರ್ ಎಂಬ ಮಹಿಳೆ ಸಿಕ್ಕಿಬಿದ್ದರು, 63 ತಿಂಗಳ ಶಿಕ್ಷೆಯೂ ಆಯಿತು.

ಅದಕ್ಕೇ ನಾನು ಹೇಳೋದು: ಪ್ರತಿಕ್ರಿಯೆ ಕೇಳುವಾಗ ಅಧಿಕಾರಿಗೆ ಕಾಗದ ತೋರಿಸಬೇಡಿ, ವಿಷಯ ಹೇಳಿ ಕೇಳಿ. ಪೇಪರಿನಲ್ಲಿ ಫೋಟೊ ಬೇಡ, ಅಂಕಿಅಂಶ ಹೊಸದಾಗಿ ಟೈಪ್ ಮಾಡಿಸಿ. ಅವಸರ ಇಲ್ಲದಿದ್ದರೆ ಅದೇ ಮಾಹಿತಿಗೆ ಆರ್‌ಟಿಐ ಹಾಕಿ. ಆದರೆ ಫೈಲ್ ನಂಬರ್ ಬರೆದು ಕೇಳಿದರೆ ನೀವೇ ಸುಳಿವು ಕೊಟ್ಟಂತೆ. ಇಡೀ ಹೋಬಳಿಯ ಪಟ್ಟಿ ಕೇಳಿ.

ಫೋನ್ ವಿಚಾರ ಬೇರೆ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಲ್ಲಿ ಈಗ ಮೊಬೈಲನ್ನೂ ಕೇಳಬಹುದು. ಜಪ್ತಿ ಮಾಡಿದರೆ ವಿಡಿಯೊ ಆಗಬೇಕು, ಅದು ಸೆಕ್ಷನ್ 105. ಜಪ್ತಿ ಪಟ್ಟಿಯ ಪ್ರತಿ ಬಿಡದೆ ಕೇಳಿ ಪಡೆಯಿರಿ. ಗಾಬರಿಯಾಗಿ ಚಾಟ್ ಅಳಿಸಲು ಮಾತ್ರ ಹೋಗಬೇಡಿ. ನೋಟಿಸ್ ಬಂದ ಮೇಲೆ ಅಳಿಸಿದರೆ ಸಾಕ್ಷ್ಯ ನಾಶದ ಇನ್ನೊಂದು ಕೇಸು ಮೈಮೇಲೆ ಬರುತ್ತೆ. ಮೂಲದವರ ಹೆಸರನ್ನು ಫೋನಿನಲ್ಲಿ ಇಡಬೇಕೋ ಬೇಡವೋ ಅನ್ನೋದನ್ನು ಅವರಿಂದ ಮೊದಲ ಕರೆ ಬಂದ ದಿನವೇ ಯೋಚಿಸಬೇಕಿತ್ತು.